ಗುಂಡಾಟದ ಪೆಟ್ಟಿಗೆಯ ವಾಸನೆ

ಪಾಲಣ್ಣ ಬೀಡಿಯನ್ನು ತುಟಿಗಿಟ್ಟು ಕಡ್ಡಿ ಗೀರಿದ. ಉರಿ ಬೀಡಿಯ ತುದಿಗೆ ತಾಗುವ ಮೊದಲೇ ಹೊನ್ನಕ್ಕ ಹೆಣದ ಪಕ್ಕದಿಂದ ಎದ್ದು ಬಂದು, ಕಣ್ಣೊರೆಸಿ ಒದ್ದೆಯಾಗಿದ್ದ ಸೆರಗಿನಲ್ಲಿ ಆ ಕಡ್ಡಿಯನ್ನು ಹಿಸುಕಿ ಆರಿಸಿದಳು.

ಪಡಸಾಲೆಯಲ್ಲಿ ಅಳುತ್ತಿದ್ದ ಹೆಂಗಸರು ಗಕ್ಕನೆ ಅಳು ನಿಲ್ಲಿಸಿದರು. ಪಾಲಣ್ಣ ಸತ್ತವನ ಅಣ್ಣ. ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಹೊನ್ನಕ್ಕ ಅವನ ಮುಖ ನೋಡಿ ಮಾತಾಡಿದವಳಲ್ಲ. ಬಾವನಿಗೆ ಹೇಳಬೇಕಾದದ್ದನ್ನು ತಲೆಯ ಮೇಲೆ ಸೆರಗು ಹೊದ್ದು ಗೋಡೆಗೋ ಮಗಳಿಗೋ ಹೇಳುತ್ತಿದ್ದವಳು.

"ಒಳಗೆ ಬ್ಯಾಡ ಬಾವ," ಅಂದಳು. "ಸೇದೋರು ಅಂಗಳ ದಾಟಿ ಹೋಗಿ ಸೇದ್ರಿ."

"ಏನವ್ವ ಇದು?" ಪಾಲಣ್ಣ ಆರಿದ ಕಡ್ಡಿಯನ್ನೇ ನೋಡಿದ. "ಹಟ್ಟಿ ಹಟ್ಟಿಯಿಂದ ಜನ ಬರ್ತಾ ಅವ್ರೆ. ಬೀಡಿ ತಟ್ಟೆ ಇಡದ ಸಾವಿನ ಮನೆ ಎಲ್ಲಾದ್ರೂ ಐತಾ? ನಾಳೆ ನನ್ನ ಮಕಕ್ಕೆ ಉಗುಳ್ತಾರೆ."

"ಎಲೆ ಅಡಿಕೆ ಇಡ್ತೀನಿ. ಬೀಡಿ ಇಡಲ್ಲ."

"ಸತ್ತಿರೋನು ಬೀಡಿ ಕಾಟಯ್ಯ ಕಣವ್ವ. ಬ್ಯಾರೆ ಯಾರೂ ಅಲ್ಲ."

ಬಾಗಿಲ ಬಳಿ ಯಾರೋ ಮೂಗಿನಲ್ಲೇ ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಊರಿನಲ್ಲಿ ಇನ್ನಿಬ್ಬರು ಕಾಟಯ್ಯಂದಿರಿದ್ದರು. ಹೊನ್ನಕ್ಕನ ಗಂಡನನ್ನು ಎಲ್ಲರೂ ಗುರುತಿಸುತ್ತಿದ್ದದ್ದು ಬೀಡಿಯಿಂದಲೇ. ನಿನ್ನೆ ಸಂಜೆ ದುರ್ಗದ ಬಸ್ಸಿನಿಂದ ಇಳಿದವನು ಹೆದ್ದಾರಿಯ ಮೈಲಿಗಲ್ಲಿನ ಮೇಲೆ ಎದೆ ಹಿಡಿದುಕೊಂಡು ಕುಳಿತಿದ್ದ. ಎಬ್ಬಿಸಲು ಹೋದವರ ಕೈಯಲ್ಲಿ ಅವನ ತೋಳು ಸಡಿಲವಾಗಿತ್ತು.

ಈಗ ಅವನನ್ನು ಪಡಸಾಲೆಯ ಮೂಡಣ ಗೋಡೆಗೆ ಮಲಗಿಸಿದ್ದರು. ಪಡುವಣ ಗೋಡೆಗೆ ಒಂದು ಪೆಟ್ಟಿಗೆ ಇತ್ತು. ನಾಲ್ಕು ಕಾಲಿನ ಮೇಜಿನಂಥದು. ಮೇಲೆ ಗಾಜು, ಗಾಜಿನ ಕೆಳಗೆ ಓರೆಯಾದ ಹಲಗೆ, ಹಲಗೆಯ ತುಂಬ ಮೊಳೆ, ಸ್ಪ್ರಿಂಗು, ಸಣ್ಣ ಗಂಟೆಗಳು. ಮೂಲೆಯ ಹಿಡಿಯನ್ನು ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಹಾರಿ, ಗಂಟೆಗಳಿಗೆ ಬಡಿಯುತ್ತ ಕೆಳಗಿಳಿದು ಬರುತ್ತಿತ್ತು. ಕಾಟಯ್ಯ ಕಾವಲಿಗಿದ್ದ ಗಣಿಯ ಸಾಹೇಬರು ಅದನ್ನು ಪಿನ್‌ಬಾಲ್ ಅನ್ನುತ್ತಿದ್ದರು. ಈ ಊರು ಐಮಂಗಲದಲ್ಲಿ ಅದು ಗುಂಡಾಟದ ಪೆಟ್ಟಿಗೆ. ಅದರ ಕಾಲಿಗೆ ಒರಗಿ ಹನ್ನೊಂದು ವರ್ಷದ ಚಿತ್ತಮ್ಮ ಕುಳಿತಿದ್ದಳು. ಹೊನ್ನಕ್ಕ ಅಳುವಾಗಲೂ ಅವಳ ಒಂದು ಕಿವಿ ಮಗಳ ಉಸಿರಿನ ಮೇಲೆಯೇ ಇತ್ತು. ಇದುವರೆಗೆ ಅದು ಸಲೀಸಾಗಿತ್ತು.

ಪಾಲಣ್ಣನ ಹೆಂಡತಿ ಜಯಕ್ಕ ಕೆಂಡದ ತಟ್ಟೆಗೆ ಸಾಂಬ್ರಾಣಿ ಉದುರಿಸುತ್ತ ಅಡುಗೆಮನೆಯಿಂದ ಬಂದಳು. ಹೊನ್ನಕ್ಕ ತಿರುಗಿ ಅವಳಿಗೂ ಅಡ್ಡ ನಿಂತಳು.

"ಅದೂ ಬ್ಯಾಡಕ್ಕ. ಆಚೆ ಇಡು."

"ಹೆಣದ ಮುಂದೆ ಸಾಂಬ್ರಾಣಿನೂ ಬ್ಯಾಡ್ವಾ?"

"ದೀಪ ಐತೆ. ಹೂವ ಐತೆ. ಹೊಗೆ ಬ್ಯಾಡ."

"ಗಂಡ ಹೋದ ದುಃಖಕ್ಕೆ ತಲೆ ಕೆಟ್ಟೈತೆ," ಎಂದು ಜಯಕ್ಕ ಪಕ್ಕದವರಿಗೆ ಕೇಳುವಂತೆ ಅಂದು ತಟ್ಟೆಯನ್ನು ಅಂಗಳಕ್ಕೆ ಒಯ್ದಳು.

*

ಪೆಟ್ಟಿಗೆ ಮನೆಗೆ ಬಂದದ್ದು ಹೋದ ವರ್ಷ ಸಂಕ್ರಾಂತಿ ಮುಗಿದ ವಾರ, ಅದಿರಿನ ಲಾರಿಯ ಮೇಲೆ. ದುರ್ಗದ ಹತ್ತಿರದ ಗಣಿಯೊಂದರ ಆಫೀಸರುಗಳ ಕ್ಲಬ್ಬಿನಲ್ಲಿ ಕಾಟಯ್ಯ ಹದಿನೆಂಟು ವರ್ಷ ವಾಚ್‌ಮನ್. ಉಬ್ಬಸದ ಔಷಧಿಗೆಂದು ಮಗಳನ್ನು ದುರ್ಗಕ್ಕೆ ಕರೆದೊಯ್ದಿದ್ದ ಒಂದು ಭಾನುವಾರ ಬೆಳಿಗ್ಗೆ, ಸಾಹೇಬರು ಯಾರೂ ಇಲ್ಲದ ಹೊತ್ತಿನಲ್ಲಿ, ಕಿಟಕಿಗಳನ್ನೆಲ್ಲ ತೆರೆದು ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಗುಂಡಾಟ ಆಡಿಸಿದ್ದ. ಓಡಲಾಗದ, ಕುಂಟೆಬಿಲ್ಲೆ ಆಡಲಾಗದ, ತಿಂಗಳಲ್ಲಿ ಹತ್ತು ದಿನ ಶಾಲೆ ತಪ್ಪಿಸುವ ಹುಡುಗಿ ನಿಂತಲ್ಲೇ ಗೆದ್ದಿದ್ದಳು. ಕ್ಲಬ್ಬಿಗೆ ಹೊಸ ಕಟ್ಟಡ ಬಂದು, ಬಲ್ಬು ಸುಟ್ಟ ಈ ಹಳೆಯ ಪೆಟ್ಟಿಗೆ ಯಾರಿಗೂ ಬೇಡವಾದಾಗ, ಅವನು ಕೇಳಿ ಹೇರಿಸಿಕೊಂಡು ಬಂದ.

ಇಳಿಸಿದ ಸಂಜೆಯೇ ಚಿತ್ತಮ್ಮನ ಎದೆಯಲ್ಲಿ ಸಿಳ್ಳು ಶುರುವಾಯಿತು. ಇಪ್ಪತ್ತು ವರ್ಷ ಸಾಹೇಬರು ಸಿಗರೇಟು ಹಿಡಿದುಕೊಂಡು ಬಗ್ಗಿ ಆಡಿದ ಪೆಟ್ಟಿಗೆ. ಗಾಜು ತೆಗೆದರೆ ಒಳಗಿನಿಂದ ಹಳಸಿದ ಹೊಗೆ ಮುಖಕ್ಕೆ ಹೊಡೆಯುತ್ತಿತ್ತು.

"ಹಾಲಿನ ಗಡಿಗೆ ನಾತ ಬಂದ್ರೆ ಏನ್ಮಾಡ್ತೀವಿ?" ಎಂದಿದ್ದಳು ಜಯಕ್ಕ. "ಕೆಂಡದ ಮ್ಯಾಲೆ ಕವುಚಿ ಹೊಗೆ ಕುಡಿಸಲ್ವಾ? ಇದಕ್ಕೂ ಹಂಗೇ ಮಾಡ್ರಿ."

ಕುರಿ ದನ ಕಾದು ಬೆಳೆದ ಮನೆತನ. ಗಡಿಗೆಯ ಹುಳಿ ನಾತಕ್ಕೆ ಅಜ್ಜಿಯ ಕಾಲದಿಂದ ಹೊಗೆಯೇ ಮದ್ದು. ಯಾರಿಗೂ ಅನುಮಾನ ಬರಲಿಲ್ಲ. ನಾಲ್ಕು ಜನ ಸೇರಿ ಪೆಟ್ಟಿಗೆಯನ್ನು ಇಟ್ಟಿಗೆಗಳ ಮೇಲೆ ಕವುಚಿ, ಅಡಿಯಲ್ಲಿ ಕೆಂಡ, ಬೇವಿನ ಸೊಪ್ಪು, ಸಾಂಬ್ರಾಣಿ ಹಾಕಿ ಮೂರು ದಿನ ಹೊಗೆ ಕುಡಿಸಿದರು. ಗಡಿಗೆಯನ್ನಾದರೆ ಆಮೇಲೆ ತೊಳೆಯಬಹುದು. ಬರಿ ಮರ ಕುಡಿದದ್ದನ್ನು ಬಿಡಲಿಲ್ಲ. ನಾಲ್ಕನೆಯ ದಿನ ಚಿತ್ತಮ್ಮ ಮಲಗಲಾಗದೆ, ಮಡಚಿದ ಹಾಸಿಗೆಗಳಿಗೆ ಒರಗಿ ಕುಳಿತೇ ಉಸಿರೆಳೆಯುತ್ತಿದ್ದಳು.

"ಒಲೆಗೆ ಹಾಕ್ರಿ ಇದನ್ನ," ಎಂದಳು ಹೊನ್ನಕ್ಕ.

"ವಾಸನೆ ತಗೀತೀನಿ," ಎಂದ ಕಾಟಯ್ಯ. "ಪೆಟ್ಟಿಗೆ ಇರ್ತೈತೆ. ವಾಸನೆ ಇರಲ್ಲ."

ಪೆಟ್ಟಿಗೆಯನ್ನು ದನದ ಕೊಟ್ಟಿಗೆಗೆ ಸಾಗಿಸಿದರು. ವಾರದ ರಜೆ ಬಂದಾಗೆಲ್ಲ ಅವನು ಅದರ ಮುಂದೆ ಕೂರುತ್ತಿದ್ದ. ಗಾಜನ್ನೂ ಮೊಳೆಗಳನ್ನೂ ಒಂದೊಂದಾಗಿ ಸೀಗೆನೀರಿನಲ್ಲಿ ಒರೆಸಿದ. ಬಟ್ಟೆಗೆ ಕಾಫಿ ಕಷಾಯದ ಬಣ್ಣ ಬಂತು. ಹಲಗೆಗೆ ಅಂಟಿಸಿದ್ದ ಹಸಿರು ಬಟ್ಟೆಯನ್ನು ಕೆರೆದು ಕಿತ್ತ. ಹಗಲಿಗೆ ಬಿಸಿಲು, ಸಂಜೆಯಾದರೆ ವಾಸನೆ ಹೀರಲೆಂದು ಕುಲುಮೆಯಿಂದ ತಂದ ಇದ್ದಿಲನ್ನು ಬುಟ್ಟಿಯಲ್ಲಿ ತುಂಬಿ ಒಳಗಿಟ್ಟು ಮುಚ್ಚುತ್ತಿದ್ದ. ಬೇಸಿಗೆ ಬರುವ ಹೊತ್ತಿಗೆ ಒಂದು ದಿನ ತಲೆಯನ್ನೇ ಪೆಟ್ಟಿಗೆಯೊಳಗೆ ತೂರಿಸಿ ಮೂಸಿದ.

"ಹೋಗೈತೆ ನೋಡು."

ಹೊನ್ನಕ್ಕ ಬಗ್ಗಿ ಮೂಸಿದಳು. "ಐತೆ."

ಮುಂದಿನ ವಾರ ಮತ್ತೆ "ಹೋಗೈತೆ", ಮತ್ತೆ "ಐತೆ". ಮೂರನೆಯ ಸಲ ಅವಳು ಬಹಳ ಹೊತ್ತು ಮೂಸಿ, ಆಮೇಲೆ ಗಂಡನ ಅಂಗಿಯ ತೋಳನ್ನು ಹಿಡಿದು ಮೂಸಿದಳು. ಹೇಳಬೇಕೋ ಬೇಡವೋ ಎಂದು ಅವಳಿಗೆ ಗೊತ್ತಾಗಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಚಿತ್ತಮ್ಮ ಕೆಮ್ಮಿದಳು.

"ಪೆಟ್ಟಿಗೇದು ಹೋಗೈತೆ," ಎಂದಳು ಹೊನ್ನಕ್ಕ. "ಇದು ನಿಮ್ದು."

ಕಾಟಯ್ಯ ಕಿವಿಯ ಸಂದಿಯಲ್ಲಿದ್ದ ಬೀಡಿಯನ್ನು ತೆಗೆದು ನೋಡಿ, ಹುಡಿ ಮಾಡಿ ತಿಪ್ಪೆಗೆ ಎಸೆದ. ಮಾರನೆಯ ದಿನದಿಂದ ಹುರಿದ ಹುಣಸೆಬೀಜ ಜೇಬಿನಲ್ಲಿ ತುಂಬಿಕೊಂಡು ಡ್ಯೂಟಿಗೆ ಹೋದ. ಒಂದು ತಿಂಗಳು ಎಲ್ಲರೊಂದಿಗೂ ಜಗಳವಾಡಿದ. ಬೀಡಿ ಮಾತ್ರ ಮುಟ್ಟಲಿಲ್ಲ.

*

"ಬಿಟ್ಟಿದ್ದಕ್ಕೇ ಸತ್ತ ಕಣ್ಲಾ," ಎಂದು ಉಗ್ರಪ್ಪ ಅಂಗಳದಲ್ಲಿ ಹೇಳುತ್ತಿದ್ದ. ಬಸ್ ನಿಲ್ದಾಣದಲ್ಲಿ ಟೀ ಅಂಗಡಿ ಇಟ್ಟವನು. ಕಾಟಯ್ಯನ ಜೊತೆ ಚಿಕ್ಕಂದಿನಲ್ಲಿ ಕುರಿ ಕಾದವನು. "ನಲವತ್ತು ವರ್ಷ ಹೊಗೆ ಕುಡಿದ ಎದೆ ಅದು. ಒಂದೇ ದಿನಕ್ಕೆ ಪೂರಾ ನಿಲ್ಲಿಸಿಬಿಟ್ರೆ ಸುಮ್ನೆ ಇರ್ತೈತಾ? ಮುನಿಸ್ಕೊಂಡು ನಿಂತೋತು."

"ಹಂಗಾದ್ರೆ ನೀನು ಸಾಯಾದೇ ಇಲ್ಲ ಬಿಡು," ಎಂದ ಇನ್ನೊಬ್ಬ.

"ನಾನ್ಯಾಕೆ ಸಾಯ್ಲಿ? ನನ್ನ ಹೆಂಡ್ತಿ ನನ್ನ ಮೂಸಲ್ಲ."

ನಗು ಎದ್ದು, ಸಾವಿನ ಮನೆಯೆಂಬುದು ನೆನಪಾಗಿ ತಗ್ಗಿತು. ಹೊನ್ನಕ್ಕನಿಗೆ ಪ್ರತಿ ಮಾತೂ ಕೇಳಿಸಿತ್ತು. ನಿನ್ನೆಯಿಂದ ಅವಳೂ ಅದನ್ನೇ ತನ್ನನ್ನು ಕೇಳಿಕೊಳ್ಳುತ್ತಿದ್ದಳು. ನಾನು ಅಂದು ಬಾಯಿ ಮುಚ್ಚಿಕೊಂಡಿದ್ದರೆ? ಉತ್ತರ ಸಿಗುವವರೆಗೆ ಮಾಡಲು ಒಂದು ಕೆಲಸವಿತ್ತು: ಈ ಮನೆಯೊಳಗೆ ಇವತ್ತು ಹೊಗೆ ಬರಬಾರದು. ಹಿರಿಯೂರಿನ ಬಡಗಿ ಚಿಕ್ಕತಿಮ್ಮಪ್ಪ ಹೇಳಿಕೊಟ್ಟಂತೆ ಕಾಟಯ್ಯ ಮರ ಮತ್ತೆ ವಾಸನೆ ಕುಡಿಯದಂತೆ ಅದರ ಸಣ್ಣ ರಂಧ್ರಗಳ ಬಾಯಿ ಮುಚ್ಚಲು ಅರಗಿನ ಪಾಲಿಶ್ ಹಚ್ಚುತ್ತಿದ್ದ. ಹೊರಮೈ ಮುಗಿದು ಪೆಟ್ಟಿಗೆ ಪಡಸಾಲೆಗೆ ಬಂದು ನಾಲ್ಕು ದಿನವಾಗಿತ್ತು. ಒಳಗಿನ ಹಲಗೆ ಇನ್ನೂ ಬರಿ ಮರವಾಗಿತ್ತು. ಒಂದು ಮಧ್ಯಾಹ್ನ ಮೂವತ್ತು ಜನ ಇಲ್ಲಿ ಕೂತು ಸೇದಿದರೆ ಅದು ಮತ್ತೆ ಕುಡಿಯುತ್ತದೆ. ಅದಕ್ಕಿಂತ ಮೊದಲು ಚಿತ್ತಮ್ಮನ ಎದೆ ಕುಡಿಯುತ್ತದೆ.

ಕುಣಿ ತೋಡಿದವರು ಬಂದು ಹೇಳಿದರು. ಹೆಣ ಎತ್ತುವ ಹೊತ್ತಾಯಿತು. ಗಂಡಸರು ಸುತ್ತ ನೆರೆದರು. ಮಣ್ಣಿಗೆ ಇಡುವಾಗ ಸತ್ತವರಿಗೆ ಇಷ್ಟವಾದದ್ದನ್ನು ಜೊತೆಗೆ ಕಳಿಸುವುದು ವಾಡಿಕೆ. ಪಾಲಣ್ಣ ಬಗ್ಗಿ ತಮ್ಮನ ಪಂಚೆ ಸರಿಮಾಡಿದ. ಅವನ ಕೈ ಸೊಂಟದ ಬಳಿ ಒಂದು ಗಳಿಗೆ ಹೆಚ್ಚಾಗಿ ನಿಂತದ್ದನ್ನು ಹೊನ್ನಕ್ಕ ನೋಡಿದಳು. ನೋಡಿದವಳೇ ಮುಂದೆ ಬಂದು ಗಂಡನ ಪಂಚೆಯ ಮಡಿಕೆಯಿಂದ ಬೀಡಿ ಕಟ್ಟನ್ನು ಹೊರತೆಗೆದಳು.

"ಇಡವ್ವ ಅದನ್ನ," ಎಂದ ಪಾಲಣ್ಣ ಮೆಲ್ಲಗೆ. ಅವನಿಗೆ ಸಿಟ್ಟಿಗಿಂತ ಅಳು ಹೆಚ್ಚಾಗಿತ್ತು. "ಮನೇಲಿ ಬ್ಯಾಡ ಅಂದೆ, ಸುಮ್ನಾದೆ. ಅಲ್ಲಿ ಮಣ್ಣಾಗೆ ಯಾರಿಗೆ ಉಬ್ಬಸ ಬರ್ತೈತೆ? ಮೊದಲ್ನೇ ಬೀಡಿ ನಾನೇ ಅವನ ಬಾಯಿಗೆ ಇಟ್ಟಿದ್ದು, ಕುರಿ ಕಾಯೋವಾಗ, ಚಳಿ ಅಂತ. ಕೊನೇದೂ ನಾನೇ ಇಡ್ತೀನಿ."

"ಕೊನೇದು ಅವರೇ ಹುಡಿ ಮಾಡಿ ಎಸೆದ್ರು ಬಾವ."

"ಚಟ ಹಂಗೆ ಹೋಗಲ್ಲ. ಅಲ್ಲಿ ಕೇಳಿದ್ರೆ?"

"ಕೇಳಲ್ಲ."

"ನಿಂಗೇನು ಗೊತ್ತು?"

ಹೊನ್ನಕ್ಕನ ತಲೆಯ ಮೇಲಿನ ಸೆರಗು ಜಾರಿತ್ತು. ಅವಳು ಅದನ್ನು ಸರಿಪಡಿಸಿಕೊಳ್ಳಲಿಲ್ಲ.

"ಬಿಟ್ಟು ಮೂರು ತಿಂಗಳಾಗಿತ್ತು," ಎಂದಳು. "ಒಂದಿನ ಬಸ್ಸಿಳಿದು ಮನೆ ಒಳಗೆ ಕಾಲಿಟ್ಟೋರು ಹೊಸಲ ಮ್ಯಾಲೇ ನಿಂತ್ರು. 'ಏನೇ ಇದು ನಾತ?' ಅಂದ್ರು. ನಾನು ಯಾವ್ದೂ ಇಲ್ಲ ಅಂದೆ. ಗೋಡೆ ಮೂಸಿದ್ರು. ತೊಲೆ ಮೂಸಿದ್ರು. ಮಗೀನ ಕೌದಿ ಎತ್ತಿ ಮೂಸಿದ್ರು. ಎಲ್ಲಾದ್ರಾಗೂ ಅವರ ಬೀಡೀನೇ. ಹನ್ನೊಂದು ವರ್ಷ ಬರದಿದ್ದ ವಾಸನೆ ಅವತ್ತು ಅವರ ಮೂಗಿಗೆ ಬಂತು. ಕೌದಿ ಹಿಡ್ಕಂಡು ಇಲ್ಲೇ, ಇದೇ ಜಾಗದಾಗೆ ಕುಂತು ಅತ್ರು ಬಾವ. 'ಇಂಥಾದ್ರಾಗೆ ಮಲಗಿಸಿದ್ನಾ ನಾನು ಕೂಸ್ನ? ಸಾಹೇಬರ ಪೆಟ್ಟಿಗೆ ಬೈದೆ, ನನ್ನ ಮನೇನೇ ಪೆಟ್ಟಿಗೆ ಆಗಿತ್ತಲ್ಲ' ಅಂದ್ರು. ಮಾರನೇ ದಿನ ಸುಣ್ಣ ತಂದ್ರು. ಒಂದು ಸಲ ಬಳಿದಿದ್ದಲ್ಲ, ನಾಲ್ಕು ಸಲ. ನೀವೆಲ್ಲ ನಕ್ಕಿರಿ, ಕಾಟಯ್ಯ ಮಗಳ ಮದುವೆ ಮಾಡ್ತಾನೆ ಅಂತ."

ಉಗ್ರಪ್ಪ ನೆಲ ನೋಡಿದ. ಆ ಸುಣ್ಣದ ತಮಾಷೆ ಅವನದೇ ಆಗಿತ್ತು.

"ಆಮೇಲಿಂದ ಬಸ್ಸಿನಾಗೆ ಯಾರಾದ್ರೂ ಹಚ್ಚಿದ್ರೆ ಎದ್ದು ನಿಂತ್ಕಂಡು ಬರೋರು," ಎಂದಳು ಹೊನ್ನಕ್ಕ. "ಅವರಿಗೆ ಆ ವಾಸನೆ ಬ್ಯಾಡ ಬಾವ. ಅದನ್ನ ಅವರ ಮೈಗೆ ಕಟ್ಟಿ ಕಳಿಸಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ." ಹಾಗೆ ಅಂದವಳು ಕಾಲಿಗೆ ಬೀಳಲಿಲ್ಲ, ಬೀಡಿ ಕಟ್ಟನ್ನು ಅವನ ಮುಂದೆ ಹಿಡಿದು ನಿಂತೇ ಇದ್ದಳು.

ಪಾಲಣ್ಣ ತಮ್ಮನ ಮುಖದ ಕಡೆ ಬಗ್ಗಿ ಉಸಿರೆಳೆದ. ಆಮೇಲೆ ಗೋಡೆಯ ಕಡೆಗೆ ತಿರುಗಿ ಮತ್ತೊಮ್ಮೆ ಎಳೆದ.

"ನಂಗೇನೂ ಗೊತ್ತಾಗಲ್ಲ," ಎಂದ.

"ಅವರಿಗೂ ಗೊತ್ತಾಗ್ತಿರಲಿಲ್ಲ."

ಅವನು ಕಟ್ಟನ್ನು ತೆಗೆದುಕೊಂಡು ತನ್ನ ಜೇಬಿಗೆ ಹಾಕಿಕೊಂಡ. "ಎತ್ರಪ್ಪ, ಹೋಗಾಣ," ಎಂದ ಗಂಡಸರಿಗೆ.

*

ಹೆಣ ಹೋದ ಮೇಲೆ ಹೆಂಗಸರು ಪಡಸಾಲೆ ತೊಳೆದು, ಕಾಟಯ್ಯನ ತಲೆಯಿದ್ದ ಜಾಗದಲ್ಲಿ ದೀಪವಿಟ್ಟರು. ಮಣ್ಣು ಮಾಡಿ ಬಂದವರು ಆ ದೀಪ ನೋಡದೆ ತಮ್ಮ ಮನೆಗೆ ಹೋಗುವಂತಿಲ್ಲ. ಅಂದರೆ ಎಲ್ಲರೂ ಮತ್ತೆ ಒಳಗೆ ಬರುತ್ತಾರೆ. ಸುಡುಗಾಡಿನಲ್ಲಿ ಎಲ್ಲರೂ ಸೇದಿಯೇ ಇರುತ್ತಾರೆ, ಅದು ಹೊನ್ನಕ್ಕನಿಗೆ ಗೊತ್ತಿತ್ತು. ಬಟ್ಟೆಯಲ್ಲಿ ಬರುವುದನ್ನು ತಡೆಯುವುದು ಹೇಗೆ? ಬೀಡಿ ಎಸೆದು ಬನ್ನಿ ಅನ್ನಬಹುದು, ಮೈ ಬಿಚ್ಚಿಟ್ಟು ಬನ್ನಿ ಅನ್ನುವುದು ಹೇಗೆ? ಅವಳು ಚಿತ್ತಮ್ಮನನ್ನು ಒಳಕೋಣೆಗೆ ಕಳಿಸಲು ನೋಡಿದಳು.

"ನಾನು ಅಪ್ಪನ ದೀಪದ ಹತ್ರ ಇರ್ತೀನಿ," ಎಂದಳು ಹುಡುಗಿ. ಅವಳ ದನಿಯೂ ತಾಯಿಯದರಂತೆಯೇ ಗಟ್ಟಿಯಾಗಿತ್ತು.

ಹೊನ್ನಕ್ಕ ಪೆಟ್ಟಿಗೆಯ ಮೇಲೆ ಎರಡು ಸೀರೆ ಹೊದಿಸಿ, ಅಂಚುಗಳನ್ನು ಒಳಕ್ಕೆ ಸಿಕ್ಕಿಸಿ, ಮಗಳನ್ನು ಕಿಟಕಿಯ ಬಳಿ ಕೂರಿಸಿ, ತಾನು ಬಾಗಿಲಲ್ಲಿ ನಿಂತಳು.

ಕೆರೆಯಲ್ಲಿ ಮಿಂದು ಗಂಡಸರು ಬರುತ್ತಿದ್ದರು. ಮೊದಲು ಪಾಲಣ್ಣ ಹೊಸಲಿಗೆ ಬಂದ. ಒದ್ದೆ ಪಂಚೆ ಮಾತ್ರ ಉಟ್ಟಿದ್ದ. ಪುಷ್ಯದ ಗಾಳಿಗೆ ಎದೆಯ ಬಿಳಿ ಕೂದಲು ನಿಮಿರಿ ಮೈ ನಡುಗುತ್ತಿತ್ತು. ಅವನ ಹಿಂದೆ ಉಗ್ರಪ್ಪ, ಅವನ ಹಿಂದೆ ಉಳಿದವರು, ಎಲ್ಲರೂ ಬರಿಮೈಯಲ್ಲಿ. ಯಾರ ಮುಖವನ್ನೂ ನೋಡದೆ ಒಬ್ಬೊಬ್ಬರಾಗಿ ಬಗ್ಗಿ ಒಳಗೆ ಬಂದು, ದೀಪ ನೋಡಿ, ಚಿತ್ತಮ್ಮನ ಸುತ್ತ ಗೋಡೆಗೆ ಕುಳಿತರು. ಉಗ್ರಪ್ಪನ ಹಲ್ಲು ಕಟಕಟ ಅನ್ನುತ್ತಿತ್ತು.

ಕುರಿ ಕಾಯುವ ಆ ಕುಲದ ಗಂಡಸರು ಮದುವೆಯಾಗಲಿ ಸಾವಾಗಲಿ ಕಂಬಳಿಯನ್ನು ಹೆಗಲಿಂದ ಇಳಿಸುವವರಲ್ಲ. ಹೊನ್ನಕ್ಕ ಹೊರಗೆ ಕಣ್ಣು ಹಾಯಿಸಿದಳು. ಅಂಗಳದಾಚೆ, ಹೆದ್ದಾರಿಯವರೆಗೆ, ಕಳ್ಳಿಬೇಲಿಯ ಉದ್ದಕ್ಕೂ ಕರಿಯ ಕಂಬಳಿಗಳು ಒಂದರ ಪಕ್ಕ ಒಂದು ನೇತಾಡುತ್ತಿದ್ದವು. ಲಾರಿಯೊಂದು ಹಾದುಹೋದಾಗ ಅವೆಲ್ಲ ಒಟ್ಟಿಗೆ ಎದ್ದು, ಗಾಳಿ ತುಂಬಿಕೊಂಡು, ಮತ್ತೆ ಮೆಲ್ಲಗೆ ಇಳಿದವು.