ಕಾಗದದ ಮೇಲೆ ಬೆಳೆದ ಕಾಂಡ್ಲಾ ಕಾಡು

2019ರ ಅಕ್ಟೋಬರ್ 14, ಸೋಮವಾರ, ಬೆಳಗ್ಗೆ 9 ಗಂಟೆ 10 ನಿಮಿಷ. ಡಾಕಾರ್‌ನ ನಮ್ಮ ಪರಿಸರ ಕಚೇರಿಯ ಸಭೆಯಲ್ಲಿ ನನ್ನ ಮುಂದೆ ಜೀವವೈವಿಧ್ಯ ವರದಿಯ ಕೊನೆಯ ಪುಟವಿತ್ತು. ಸಲೂಮ್ ನದಿಯ ಅಳಿವೆಯಲ್ಲಿ, ಉಪ್ಪುನೀರಿನಲ್ಲಿ ಬೇರೂರಿ ದಡ ಕಾಯುವ ಕಾಂಡ್ಲಾ ಕಾಡು 1,180 ಹೆಕ್ಟೇರ್‌ನಷ್ಟು ಮರಳಿ ಬೆಳೆದಿದೆ ಎಂದು ಅದರಲ್ಲಿತ್ತು. ಅಷ್ಟು ನೆಟ್ಟದ್ದು ನಿಜ. ಆಗಸ್ಟ್‌ನಲ್ಲಿ ನಾನೇ ಕೆಸರಿನಲ್ಲಿ ನಡೆದು ಅಳೆದಾಗ ಉಳಿದಿದ್ದದ್ದು 52. ನಾನು ಸಹಿ ಹಾಕಿದರೆ ಕೆಲಸ ಮುಗಿದಂತೆ. ಮತ್ತೆ ನೆಡಲು ಯಾರೂ ಬರುವುದಿಲ್ಲ. ಅಳಿವೆಯಲ್ಲಿರುವ ನನ್ನ ಚಿಕ್ಕಮ್ಮನ ಊರಿಗೂ ಸಮುದ್ರಕ್ಕೂ ನಡುವೆ ಏನೂ ಇರುವುದಿಲ್ಲ.

ನಿರ್ದೇಶಕ ಅನ್ಸುಮಾನ ಸಾಂಬು ಜೋಲಾ ಕುಲದವನು, ನಾನು ಸೆರೇರ್ ಕುಲದವಳು. ಈ ಎರಡು ಕುಲಗಳಿಗೆ ಅಜ್ಜಂದಿರ ಕಾಲದ ಗೇಲಿಯ ನಂಟು. ಒಬ್ಬರನ್ನೊಬ್ಬರು ಏನು ಬೇಕಾದರೂ ಅನ್ನಬಹುದು, ಕೋಪಿಸಿಕೊಳ್ಳುವಂತಿಲ್ಲ.

"ಏನೇ ತೆನಿಂಗ್, ನನ್ನ ದಾಸಿ, ಬೆಳಗ್ಗೇನೇ ಎಷ್ಟು ತಟ್ಟೆ ಅನ್ನ ಹೊಡೆದೆ? ಪೆನ್ನು ಎತ್ತೋಕೂ ಆಗ್ತಿಲ್ಲ!" ಎಂದು ಸಾಂಬು ನನ್ನನ್ನು ಕೆಣಕಿದ.

"ನೀವು ಜೋಲಾದವರು ಪಾತ್ರೇಲಿ ಏನಾದ್ರೂ ಉಳಿಸಿದ್ರೆ ತಾನೇ!" ಎಂದೆ. ಅದೇ ಉಸಿರಿನಲ್ಲಿ ಹೇಳಿಬಿಟ್ಟೆ: "ಈ ಲೆಕ್ಕ ಸುಳ್ಳು ಸಾಂಬು. ಬದುಕಿರೋದು ಐವತ್ತೆರಡೇ ಹೆಕ್ಟೇರ್."

ಸಭೆ ಗೊಳ್ಳೆಂದು ನಕ್ಕಿತು.

"ಕೇಳಿದ್ರಾ? ಮಿಕ್ಕಿದ್ದನ್ನ ಸೆರೇರರು ಅನ್ನಕ್ಕೆ ಕಲಸ್ಕೊಂಡು ತಿಂದ್ರಂತೆ!" ಎಂದ ಸಾಂಬು.

"ತಮಾಷೆ ಅಲ್ಲ," ಎಂದೆ. ನಗು ಇನ್ನೂ ಜೋರಾಯಿತು. ಇಪ್ಪತ್ತಾರು ವರ್ಷ ಅಳತೆಯನ್ನೇ ನಂಬಿದವಳು ಈ ಅಳತೆಯನ್ನು ಗೇಲಿಯ ಬೆನ್ನಿಗೆ ಕಟ್ಟಿ ಕಳಿಸಿದ್ದೆ.

ವಿರಾಮದಲ್ಲಿ ಸಾಂಬು ನನ್ನನ್ನು ಕಿಟಕಿಯ ಬಳಿ ಕರೆದ. ಈಗ ಅವನು ನಗುತ್ತಿರಲಿಲ್ಲ.

"ಲೆಕ್ಕ ಸುಳ್ಳು ಅಂತ ನಂಗೊತ್ತು ಕಣೇ. ಬೇರೆ ಯಾರಾದ್ರೂ ಹೀಗಂದಿದ್ರೆ ಇವತ್ತೇ ಮನೆಗೆ ಕಳಿಸಬೇಕಾಗ್ತಿತ್ತು. ಅಂದವಳು ನೀನು, ಅದಕ್ಕೇ ನಕ್ಕುಬಿಟ್ಟೆ. ಹೋದ ಮೂರು ವರದೀಲೂ ನಿನ್ನ ಸಹೀನೇ ಇದೆ. ಇದಕ್ಕೂ ಹಾಕು."

ಹಾಕಿದೆ.

ಶನಿವಾರ ದೋಣಿ ಹತ್ತಿ ಊರಿಗೆ ಹೋದೆ. ಚಿಕ್ಕಮ್ಮ ಸಿಗಾ ಅಂಗಳದಲ್ಲಿ ಸಿಂಪಿಯ ಚಿಪ್ಪು ಬಿಡಿಸುತ್ತಿದ್ದಳು.

"ರೇಡಿಯೋದಲ್ಲಿ ನಿನ್ನ ಹೆಸರು ಬಂತು ಮಗಳೇ! ನಮ್ಮ ಕಾಡು ಬೆಳೀತಂತೆ. ಎಲ್ಲಿ ಅಂತ ನಂಗೂ ಒಂಚೂರು ತೋರ್ಸು."

ನಾನು ಚೀಲದಿಂದ ಅಳತೆಪಟ್ಟಿ ತೆಗೆದೆ. ಹೇಳುವ ಮೊದಲೇ ಅವಳು ಎದ್ದು, ಅದರ ತುದಿಯನ್ನು ಅಡುಗೆಮನೆಯ ಹೊಸ್ತಿಲಿಗೆ ಒತ್ತಿ ಹಿಡಿದಳು. ನಾನು ಭರತದಲ್ಲಿ ಸಮುದ್ರದ ನೀರು ಏರಿ ನಿಲ್ಲುವ ಗೆರೆಯವರೆಗೆ ನಡೆದೆ. ಆಗಸ್ಟ್‌ನಲ್ಲಿ 23.60 ಮೀಟರ್ ಇತ್ತು. ಈಗ 21.90.