ಉತ್ತರದ ಗೋಡೆಯಾಚೆ

ಸ್ಪೇನ್ ದೇಶದ ಪಾದ್ರಿ ಅನ್ಸೆಲ್ಮೊ ಕಟ್ಟಿಸಿದ ಕೆಂಪು ಕಲ್ಲಿನ ಚರ್ಚಿಗೆ ನೂರು ತುಂಬಲು ಇನ್ನು ಹದಿನೈದು ದಿನ ಉಳಿದಿತ್ತು. ಕಂಗ್ಟಿ, ನಾರಾಯಣಖೇಡದ ಕಡೆಯಿಂದೆಲ್ಲ ಜನ ಬರುವವರಿದ್ದರು, ಬಿಷಪ್ಪರೂ ಬರುವವರಿದ್ದರು. ಚರ್ಚಿನ ಚರಿತ್ರೆ ಬರೆಯುವ ಕೆಲಸ ಮರೆಮ್ಮನ ಗಂಡ, ಹಳೆಯ ಉಪದೇಶಿ ರತ್ನಪ್ಪನ ಪಾಲಿಗೆ ಬಂದಿತ್ತು. ಬರಗಾಲದಲ್ಲಿ ಗಂಜಿ ಕೊಟ್ಟು ಹೆಂಗಸರ ತಲೆಯ ಮೇಲೆ ಕಲ್ಲು ಹೊರಿಸಿದ್ದು, ನಿಜಾಮನ ಕಾಲದ ಪರವಾನಗಿ, ಹಡಗಿನಲ್ಲಿ ಬಂದ ಗಂಟೆ ಎಲ್ಲವನ್ನೂ ಅವನು ಬರೆದಿದ್ದ. ಉತ್ತರದ ಗೋಡೆಯಾಚೆಯ ಜಾಗದ ಮಾತು ಮಾತ್ರ ಅದರಲ್ಲಿರಲಿಲ್ಲ.

ಜ್ಞಾನಸ್ನಾನ ಆಗದೆ ಸತ್ತ ಕೂಸುಗಳನ್ನು ಚರ್ಚಿನ ಆವರಣದೊಳಗೆ ಹೂಳದೆ ಉತ್ತರದ ಗೋಡೆಯಾಚೆ ಹೂಳಬೇಕೆಂದು ಆ ಪಾದ್ರಿ ಕಟ್ಟಳೆ ಮಾಡಿದ್ದ. ಅವನು ಸತ್ತ ಮೇಲೂ, ಬೇರೆ ಊರುಗಳಲ್ಲಿ ಅದನ್ನು ಬಿಟ್ಟ ಮೇಲೂ, ಇಲ್ಲಿಯ ಉಪದೇಶಿಗಳು ನಡೆಸಿಕೊಂಡು ಬಂದರು. ಮೂವತ್ತೊಂದು ವರ್ಷದ ಹಿಂದೆ ಮರೆಮ್ಮನ ಮೊದಲ ಕೂಸನ್ನೂ ರತ್ನಪ್ಪನೇ ಅಲ್ಲಿ ಹೂತು ಬಂದಿದ್ದ. ಈಗ ಅಲ್ಲೆಲ್ಲ ಜಾಲಿ ಬೆಳೆದಿತ್ತು. ಮರುದಿನ ಜೆಸಿಬಿ ಬಂದು ಪೆಂಡಾಲಿಗಾಗಿ ಅದೇ ನೆಲ ಕೆತ್ತುವುದಿತ್ತು.

"ಆ ಜಾಗ ಬಿಡ್ರಿ ಅಂತ ಫಾದರಿಗೆ ಹೇಳ್ರಿ," ಎಂದಳು ಮರೆಮ್ಮ, ರೊಟ್ಟಿ ಬಡಿಯುತ್ತ.

"ಎರಡು ಸಾವಿರ ಮಂದಿ ನಿನ್ನ ತಲೀ ಮ್ಯಾಲ ಕೂಡಬೇಕೇನು? ರೊಟ್ಟಿ ನೋಡು, ಹೊತ್ತಾಕತ್ತದ," ಎಂದ ರತ್ನಪ್ಪ.

ಅವಳು ರೊಟ್ಟಿ ತಿರುವಲಿಲ್ಲ.

"ಕೂಸು ಅತ್ತಿತ್ರಿ."

ಬರೆಯುತ್ತಿದ್ದ ಅವನ ಕೈ ನಿಂತಿತು.

ಸೂಲಗಿತ್ತಿ ಗುರುಲಿಂಗಮ್ಮ ಹೊಕ್ಕುಳಬಳ್ಳಿ ಕೊಯ್ಯುವಾಗ ಕೂಸು ಎರಡು ಸಲ ಸಣ್ಣಗೆ ಅತ್ತಿತ್ತು. ಪಕ್ಕದಲ್ಲೇ ನೀರಿತ್ತು. ಪಾದ್ರಿ ಇಲ್ಲದಾಗ ಯಾರಾದರೂ ತಲೆಗೆ ನೀರು ಹಾಕಿ ದೇವರ ಹೆಸರು ಹೇಳಿ ಜ್ಞಾನಸ್ನಾನ ಮಾಡಿಸಬಹುದೆಂದು ರತ್ನಪ್ಪನೇ ಊರಿಗೆಲ್ಲ ಕಲಿಸಿದ್ದ. ಆದರೂ ಮರೆಮ್ಮ ಹಾಕಲಿಲ್ಲ. ರಕ್ತದಲ್ಲಿ ಮಲಗಿದವಳು ಆ ಹೆಸರನ್ನು ಬಾಯಲ್ಲಿ ತರುವುದು ಹೇಗೆಂದು ಹೆದರಿ ಗಂಡನನ್ನು ಕೂಗಿದಳು. ಅವನು ಬರಲಿಲ್ಲ. ಕೂಸು ತಣ್ಣಗಾಯಿತು. ಆಮೇಲೆ ಕೇಳಿದವರಿಗೆಲ್ಲ ಅಳಲೇ ಇಲ್ಲ ಎಂದುಬಿಟ್ಟಳು. ಗುರುಲಿಂಗಮ್ಮ ಬಾಯಿ ಬಿಡಲಿಲ್ಲ. ನೀರು ಹಾಕದ ತಾಯಿ ಎನ್ನಿಸಿಕೊಳ್ಳುವುದಕ್ಕಿಂತ ಸತ್ತ ಕೂಸು ಹೆತ್ತವಳು ಎನ್ನಿಸಿಕೊಳ್ಳುವುದು ಅವಳಿಗೆ ಹಗುರಾಗಿ ಕಂಡಿತ್ತು.

"ಗೊತ್ತದ," ಎಂದ ರತ್ನಪ್ಪ.

"ಏನು ಗೊತ್ತದ?"

"ಅತ್ತಿದ್ದು. ಹೊಸ್ತಿಲ ಹೊರಗ ನಿಂತಿದ್ದೆ."

"ನಾ ಕೂಗಿದ್ನಲ್ರಿ!"

"ಐದು ದಿನ ಬಾಣಂತಿ ಕೋಣಿಗೆ ಗಂಡಸು ಕಾಲಿಡಬಾರ್ದು ಅಂತ ನಮ್ಮವ್ವ ಹೇಳಿದ್ಲು."

"ಮೈಲಿಗಿ ಗೀಲಿಗಿ ಬಿಡ್ರಿ ಅಂತ ಚರ್ಚಿನಾಗ ಮಂದಿಗಿ ಹೇಳಾವ್ರು ನೀವೇ ಅಲ್ಲೇನು?"

ಅವನು ಹಾಳೆಯನ್ನೇ ನೋಡುತ್ತಿದ್ದ. "ಕೂಸು ಅಳಲಿಲ್ಲ ಅಂತ ನೀನೂ ಅಂದಿ. ಸತ್ತು ಹುಟ್ಟಿತು ಅಂತ ಚರ್ಚಿನ ದಫ್ತರದಾಗ ನಾನೂ ಬರ್ದೆ."

ತವೆಯ ಮೇಲಿನ ರೊಟ್ಟಿ ಕರಕಲಾಗಿತ್ತು. ಅಷ್ಟು ವರ್ಷ ತನ್ನೊಬ್ಬಳದೇ ತಪ್ಪೆಂದು ಅವಳು ಅವನ ಯಾವ ಮಾತಿಗೂ ಎದುರಾಡಿರಲಿಲ್ಲ. ಅವನು ಅದನ್ನು ಗುಣವಂತಿಕೆ ಎಂದು ನಾಲ್ಕು ಜನರೆದುರು ಹೊಗಳುತ್ತಿದ್ದ.

ಬೆಳಿಗ್ಗೆ ಅವಳೇ ಹೋಗಿ ಫಾದರಿಗೆ ಇಬ್ಬರ ಸುಳ್ಳನ್ನೂ ಹೇಳಿದಳು. ಮೂವತ್ತು ದಾಟದ ಫಾದರು ಮೆತ್ತಗೆ ಹೇಳಿದರು, "ಆ ಕಟ್ಟಳೆ ಈಗ ಇಲ್ಲಮ್ಮ. ನಿಮ್ಮ ಕೂಸು ದೇವರ ಹತ್ರಾನೇ ಅದ. ಜಾಗ ಎಲ್ಲಿ ಅಂತ ತೋರ್ಸ್ರಿ, ಅಷ್ಟು ಬಿಟ್ಟು ಶಿಲುಬೆ ನಿಲ್ಸೋಣ. ಪೂರಾ ಬಿಡಾಕ ಆಗಲ್ಲ."

ಎಲ್ಲಿ ಎಂದು ಅವಳಿಗೆ ಗೊತ್ತಿರಲಿಲ್ಲ. ಆ ದಿನ ಹಾಸಿಗೆಯಿಂದ ಏಳಲಾಗಿರಲಿಲ್ಲ, ಆಮೇಲೆ ಕೇಳುವ ಧೈರ್ಯ ಬಂದಿರಲಿಲ್ಲ. ಗಂಡನಿಗಾದರೂ ಗೊತ್ತಿದೆಯಲ್ಲ ಎಂದುಕೊಂಡೇ ಇಷ್ಟು ದಿನ ಕಳೆದಿದ್ದಳು.

ರತ್ನಪ್ಪನನ್ನು ಕರೆಸಿದರು. ಅವನು ಗೋಡೆಯುದ್ದಕ್ಕೂ ನಡೆದ. ಒಂದು ಕಡೆ ನಿಂತ, ಮುಂದೆ ಹೋದ, ತಿರುಗಿ ಬಂದ. ಕಾಲಿಗೆ ಮುಳ್ಳು ಚುಚ್ಚಿದರೂ ಬಗ್ಗಿ ತೆಗೆಯಲಿಲ್ಲ.

"ಕಾಕಾ, ಲಗೂ ಹೇಳ್ರಿ," ಜೆಸಿಬಿ ನಡೆಸುವ ಸಂಗು ಮೇಲಿನಿಂದ ಕೂಗಿದ. "ಡೀಸೆಲ್ ಸುಡಾಕತ್ತದ."

"ಇಲ್ಲೇ," ಎಂದ ರತ್ನಪ್ಪ, ಥಟ್ಟನೆ, ಕಾಲ ಕೆಳಗಿನ ನೆಲ ತೋರಿಸಿ.

ಅವನು ಹೇಳಿದ ರೀತಿಯಲ್ಲೇ ಅವಳಿಗೆ ಸುಳ್ಳೆಂದು ತಿಳಿಯಿತು. ಅವಳಿಗೆ ತಿಳಿದದ್ದು ಅವನಿಗೂ ತಿಳಿಯಿತು. ಮರೆಮ್ಮ ಜಾಲಿ ಸರಿಸಿಕೊಂಡು ಹೋಗಿ, ಅವನು ತೋರಿಸಿದ ಜಾಗದಲ್ಲಿ ಕುಳಿತಳು.

"ಇದಿಷ್ಟು ಬಿಡಪಾ," ಎಂದಳು ಸಂಗುವಿಗೆ.

ಯಂತ್ರ ಅವಳು ಕುಳಿತಷ್ಟು ಬಿಟ್ಟು ಸುತ್ತಲೂ ಕೆತ್ತತೊಡಗಿತು.