ಹುರಿ ಹೊಲಿಯದ ಗೆರೆ

ಒದ್ದೆ ಉಣ್ಣೆಯ ಮೇಲೆ ಕುದಿನೀರು ಬಿದ್ದಾಗ ಏಳುವ ವಾಸನೆ, ಸಾಬೂನು ಮತ್ತು ಕುರಿಯ ಜಿಡ್ಡು ಬೆರೆತದ್ದು, ಬುರುಲ್‌ಳ ಬಾಲ್ಯದ ಬೇಸಿಗೆಗಳಿಗೆಲ್ಲ ಹತ್ತಿಕೊಂಡಿತ್ತು. ಬೆಟ್ಟಸೀಮೆಯಾದ ನರೀನ್ ಕಡೆಯ ಅವರ ಅಂಗಳದಲ್ಲಿ ತಾಯಿ, ಚಿಕ್ಕಮ್ಮಂದಿರು ಉಣ್ಣೆಯನ್ನು ತುಳಿದು ತುಳಿದು ಹಾಸು ಮಾಡುತ್ತಿದ್ದರು. ಎರಡು ಬಣ್ಣದ ಹಾಸುಗಳನ್ನು ಒಂದರ ಮೇಲೊಂದಿಟ್ಟು, ಟಗರಿನ ಕೊಂಬಿನ ಆಕಾರದ ಸುರುಳಿಗಳನ್ನು ಚಾಕುವಿನಿಂದ ಕತ್ತರಿಸಿ, ಅದಲುಬದಲು ಮಾಡಿ ಕೂಡಿಸುವುದು ಅವಳಿಗೆ ಹತ್ತನೇ ವಯಸ್ಸಿಗೇ ಬಂದಿತ್ತು. ಚಾಕು ಜಾರಿದರೆ ಯಾರೂ ಗದರುತ್ತಿರಲಿಲ್ಲ. ಕೂಡಿಸಿದ ಅಂಚಿನ ಮೇಲೆ ದಪ್ಪ ಹುರಿ ಹೊಲಿಯುತ್ತಿದ್ದರು. ಸೊಟ್ಟಾದದ್ದೆಲ್ಲ ಅದರಡಿ ಮುಚ್ಚಿಹೋಗುತ್ತಿತ್ತು.

ರಾಜಧಾನಿ ಬಿಷ್ಕೆಕ್‌ನಲ್ಲಿ ಎರ್ಮೆಕ್‌ನ ಹಚ್ಚೆ ಅಂಗಡಿಗೆ ಕೆಲಸ ಕಲಿಯಲು ಸೇರಿ ಏಳು ತಿಂಗಳಾದರೂ ಅವಳ ಕೈ ಆ ಹುರಿಯನ್ನು ಮರೆತಿರಲಿಲ್ಲ. ಅಭ್ಯಾಸಕ್ಕೆಂದು ಕೊಟ್ಟ ರಬ್ಬರ್ ಚರ್ಮದ ಮೇಲೆ ಗೆರೆ ನಡುಗಿದರೆ ಅದರ ಮೇಲೆಯೇ ಇನ್ನೊಮ್ಮೆ ಸೂಜಿ ಓಡಿಸುವಳು. ಮತ್ತೆ ನಡುಗಿದರೆ ಮತ್ತೊಮ್ಮೆ.

“ಟಗರಿನ ಕೊಂಬು ಹಾಕು ಅಂದ್ರೆ ಕೊಬ್ಬಿದ ಹಾವು ಹಾಕಿದ್ದೀಯಲ್ಲ!” ಎರ್ಮೆಕ್ ರಬ್ಬರ್ ತುಂಡನ್ನು ಬೆಳಕಿಗೆ ಹಿಡಿದ.

“ಒಂದು ಕಡೆ ಸೊಟ್ಟ ಆಯ್ತು, ಬೈಕೆ.” ಅಣ್ಣನ ಸ್ಥಾನದಲ್ಲಿದ್ದ ಅವನನ್ನು ಅವಳು ಕರೆಯುತ್ತಿದ್ದುದೇ ಹಾಗೆ. “ಮುಚ್ಚೋಣ ಅಂತ ಹೋದೆ.”

“ನಿಮ್ಮನೇಲಿ ಹುರಿ ಇತ್ತು, ಮುಚ್ಚೋಗ್ತಿತ್ತು. ಇಲ್ಲಿ ಹುರಿ ಎಲ್ಲಿಂದ ತರ್ತೀಯ? ಅಷ್ಟು ಸಲ ಚುಚ್ಚಿದ್ರೆ ಚರ್ಮ ಗಾಯ ಆಗುತ್ತೆ, ಮಸಿ ಹರಡುತ್ತೆ.” ಅವಳ ಮಣಿಕಟ್ಟನ್ನು ಮೆಲ್ಲಗೆ ಒತ್ತಿ ಹಿಡಿದ. “ಇದು ಆಡಬಾರದು. ಎಳೆಯೋದು ಮೊಣಕೈ, ಭುಜ. ಉಸಿರು ಬಿಡ್ತಾ ಒಂದೇ ಸಲ ಎಳಿ. ಹೋದದ್ದು ಹೋಯ್ತು ಅಂತ ಮುಂದಕ್ಕೆ ನಡಿ.”

ಮೂರು ವಾರ ಅವಳು ಅದನ್ನೇ ಮಾಡಿದಳು. ಕೆಟ್ಟ ಗೆರೆಯ ಪಕ್ಕ ಒಂದು ಚುಕ್ಕೆ ಇಟ್ಟು ಮುಂದಿನದಕ್ಕೆ ಹೋಗುವಳು. ಮೊದಲ ದಿನ ರಬ್ಬರಿನ ತುಂಬ ಚುಕ್ಕೆಗಳೇ. ಒಂದು ಬೆಳಿಗ್ಗೆ ಬಂದು ನೋಡಿದರೆ ಅವಳ ಸ್ಟೂಲಿನ ಕಾಲುಗಳಡಿ ಯಾರೋ ಹಲಗೆ ಬಡಿದು ನಾಲ್ಕು ಬೆರಳು ಎತ್ತರಿಸಿದ್ದರು. ಮೊಣಕೈ ಸಲೀಸಾಗಿ ಆಡತೊಡಗಿತು. ಎರ್ಮೆಕ್ ಸುತ್ತಿಗೆಯನ್ನು ಪೆಟ್ಟಿಗೆಗೆ ಹಾಕುತ್ತಿದ್ದ.

ಶುಕ್ರವಾರ ಮೊದಲ ನಿಜವಾದ ಚರ್ಮ. ಗೆರೆ ಸರಿ ಬಂದರೆ ಸೋಮವಾರದಿಂದ ಗಿರಾಕಿಗಳಿಗೆ ಹಚ್ಚೆ ಹಾಕುವ, ಕಿಟಕಿಯ ಪಕ್ಕದ ಕುರ್ಚಿ ಅವಳದು. ಕೆಟ್ಟರೆ ಬರುವ ವರ್ಷದವರೆಗೆ ರಬ್ಬರೇ ಗತಿ ಎಂದು ಎರ್ಮೆಕ್ ಮೊದಲೇ ಹೇಳಿಬಿಟ್ಟಿದ್ದ.

ಬಂದವರು ಅನಾರಾ, ಎರ್ಮೆಕ್‌ಗೆ ಶಾಲೆಯಲ್ಲಿ ರೇಖಾಗಣಿತ ಕಲಿಸಿದ್ದ ನಿವೃತ್ತ ಶಿಕ್ಷಕಿ.

“ಎಜೆ, ಈ ಹುಡುಗಿ ಹಾಕ್ತಾಳೆ. ಪರವಾಗಿಲ್ವಾ?” ಹಿರಿಯಕ್ಕ ಎಂಬ ಗೌರವದಲ್ಲಿ ಎರ್ಮೆಕ್ ಕೇಳಿದ.

“ನಿನಗಿಂತ ನೆಟ್ಟಗೆ ಹಾಕಿದ್ರೆ ಸಾಕಪ್ಪ. ನಿನ್ನ ತ್ರಿಕೋನದ ಮೂರು ಮೂಲೆ ಒಂದು ದಿನಾನೂ ಕೂಡ್ಲಿಲ್ಲ!” ಎನ್ನುತ್ತ ಅವರು ಅಂಗಿಯ ತೋಳು ಮಡಚಿ ಕೈ ಚಾಚಿದರು. “ಶುರು ಮಾಡು ಮಗಳೇ. ನೋವಾದ್ರೆ ಅವನನ್ನ ಬೈತೀನಿ, ನಿನ್ನನ್ನಲ್ಲ.”

ವಯಸ್ಸಾದ ಚರ್ಮ ತೆಳುವಾಗಿತ್ತು. ಎಡಗೈಯಿಂದ ಅದನ್ನು ಬಿಗಿಯಾಗಿ ಎಳೆದು ಹಿಡಿದು ಬುರುಲ್ ಉಸಿರು ಬಿಟ್ಟಳು. ನಾಲ್ಕು ಟಗರಿನ ಕೊಂಬುಗಳಲ್ಲಿ ಮೊದಲನೆಯದು ಬಂತು. ಎರಡನೆಯದೂ ಬಂತು. ಮೂರನೆಯದರ ತಿರುವಿನಲ್ಲಿ ಎಡಗೈ ಒಂದಿಷ್ಟು ಸಡಿಲಾಯಿತು. ಗೆರೆ ಕೂದಲೆಳೆಯಷ್ಟು ಹೊರಗೆ ಹೋಯಿತು. ಸೂಜಿ ಹಿಡಿದ ಕೈ ತಾನಾಗಿಯೇ ಹಿಂದಕ್ಕೆ ಹೊರಟಿತು. ಅವಳು ಪೆಡಲಿನಿಂದ ಕಾಲು ತೆಗೆದಳು. ಯಂತ್ರ ಸುಮ್ಮನಾಯಿತು. ಮಸಿ ಒರೆಸಿ, ಚರ್ಮವನ್ನು ಮತ್ತೆ ಬಿಗಿಹಿಡಿದು, ಮುಂದಿನ ಗೆರೆ ಎಳೆದಳು.

ಮುಗಿದ ಮೇಲೆ ಎರ್ಮೆಕ್ ಬಗ್ಗಿ ನೋಡಿದ. “ಇಲ್ಲಿ ಸೊಟ್ಟ.”

“ಹೂಂ ಬೈಕೆ. ಎಡಗೈ ಸಡಿಲ ಬಿಟ್ಟೆ.”

“ತಿದ್ದಲಿಲ್ಲ?”

“ತಿದ್ದಿದ್ರೆ ದಪ್ಪ ಆಗ್ತಿತ್ತು. ಆಮೇಲೆ ಉಳಿದ ಮೂರನ್ನೂ ದಪ್ಪ ಮಾಡ್ಬೇಕಾಗ್ತಿತ್ತು.”

ಅನಾರಾ ಕನ್ನಡಕ ಏರಿಸಿ ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. “ಐದು ಅಂಕಕ್ಕೆ ನಾಲ್ಕು. ನಿನಗೆ ಮೂರರ ಮೇಲೆ ಕೊಟ್ಟ ನೆನಪೇ ನನಗಿಲ್ಲ, ಎರ್ಮೆಕ್.”

ಎರ್ಮೆಕ್ ನಕ್ಕ. ಬಾಗಿಲ ಬಳಿಯ ಮೊಳೆಯಲ್ಲಿದ್ದ ಬುರುಲ್‌ಳ ಚೀಲವನ್ನು ತೆಗೆದು ಕಿಟಕಿಯ ಪಕ್ಕದ ಕುರ್ಚಿಗೆ ತಗುಲಿಸಿದ.

ಕೈಗವಸು ಬಿಚ್ಚಿ ಬುರುಲ್ ಒಂದು ಲೋಟ ನೀರನ್ನು ಗಟಗಟ ಕುಡಿದಳು. ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಇಳಿದಿರಲಿಲ್ಲ. ಅವಳು ಇನ್ನೊಂದು ಲೋಟ ತುಂಬಿಕೊಂಡಳು. ಅನಾರಾ ಅದನ್ನು ನೋಡಿದರು. ತಲೆ ಸುತ್ತಿದರೆ ಇರಲಿ ಎಂದು ತಮಗಾಗಿ ತಂದಿದ್ದ ಡಬ್ಬಿಯನ್ನು ಚೀಲದಿಂದ ತೆಗೆದು, ಇನ್ನೂ ಬೆಚ್ಚಗಿದ್ದ ಮಾಂಸದ ಕಡುಬುಗಳಿದ್ದ ಅದರ ಮುಚ್ಚಳ ತೆರೆದು, ಮೇಜಿನ ಮೇಲೆ ಅವಳ ಕಡೆಗೆ ಸರಿಸಿದರು.